ಚಕ್ಕುಲಿಗೆ ಊಟ ಹಿಡಿಸಿದ ಮಲ್ಲೇಶಣ್ಣ

ಮಲ್ಲೇಶಣ್ಣ ಯಾವ ಪ್ರಾಣಿಯನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಕೆಚ್ಚಲು ಬಾತ ಹಸುವಿರಲಿ, ಕಾಲು ಮುರಿದ ನಾಯಿಯಿರಲಿ, ಎರಡು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, "ಬರ್ಲಾ?" ಎಂದು ಮೆಲ್ಲಗೆ ಕೇಳುವರು. ಅದು ಕಿವಿ ಆಡಿಸಿದರೆ, ಉದ್ದಕ್ಕೆ ಉಸಿರು ಬಿಟ್ಟರೆ, ಅದನ್ನೇ ಒಪ್ಪಿಗೆಯೆಂದು ತಿಳಿದು ಕೈ ಚಾಚುವರು. ಇಲ್ಲದಿದ್ದರೆ ಸುಮ್ಮನೆ ಕೂತಿರುವರು. ದನದ ಯಜಮಾನ ಅವಸರ ಮಾಡಿದರೆ, "ನಿಮ್ಮನೆಗೆ ನಾನು ಬಾಗ್ಲು ತಟ್ಟದೆ ನುಗ್ತೀನಾ ಮಾರಾಯ?" ಎನ್ನುವರು.

ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದು, ನಿವೃತ್ತರಾದ ಮೇಲೆ ಆಲ್ದೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಸಣಕಲು ಆಳು. ಸೆಖೆಯಲ್ಲೂ ಅಂಗಿಯ ಕುತ್ತಿಗೆಯ ಗುಂಡಿ ಹಾಕಿಯೇ ಇರುತ್ತಿತ್ತು. ಸುತ್ತಿನ ಎಸ್ಟೇಟುಗಳಲ್ಲಿ ಯಾರ ಮನೆಗೆ ಹಾವು ಹೊಕ್ಕರೂ ಫೋನು ಅವರಿಗೇ. ಒಮ್ಮೆ ನಾನು ಕೆಲಸ ಮಾಡುವ ಎಸ್ಟೇಟಿನ ಗೊಬ್ಬರದ ಗೋಡೌನಿನಲ್ಲಿ ನಾಗರಹಾವು ಹಿಡಿದರು. ಧಣಿಗಳ ಮನೆಗೆ ಬಂದಿದ್ದ ನೆಂಟರೊಬ್ಬರು ಅದರ ಜೊತೆ ಒಂದು ಫೋಟೋ ಬೇಕೆಂದು ಹಟ ಹಿಡಿದರು. ಮಲ್ಲೇಶಣ್ಣ ಹಾವಿನ ಚೀಲದ ಬಾಯಿ ಕಟ್ಟಿ, ತಮ್ಮ ಮುಂದಿಟ್ಟುಕೊಂಡು, ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟರು. "ಅದಕ್ಕೆ ಈಗ ಜೀವ ಬಾಯಿಗೆ ಬಂದಿದೆ. ಅದ್ರ ಪಕ್ಕ ನಿಂತು ನೀವು ನಗ್ತೀರಾ?" ಎಂದರು. ನೆಂಟರು ಮುಖ ಊದಿಸಿಕೊಂಡು ಹೋಗುವವರೆಗೂ ಏಳಲಿಲ್ಲ. ನಾನು ಅವರನ್ನು ನಂಬಲು ತೊಡಗಿದ್ದು ಅಂದೇ.

ನಾನು ಮಲ್ಲಂದೂರಿನ ಬಳಿಯ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ತೆಗೆಯುವುದು, ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಒಣಗಿತೇ ಎಂದು ನೋಡುವುದು ನನ್ನ ಕೆಲಸ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವವಳು. ಉಬ್ಬಸ ಇರುವುದರಿಂದ ನಾಯಿ ಬೆಕ್ಕಿನ ಕೂದಲು ನನಗಾಗದು. ಮಂಗಳೂರಿನ ಗೆಳತಿಯ ಮನೆಯಲ್ಲಿ ಬಾಲ್ ಪೈಥಾನ್ ಎಂಬ ಆಫ್ರಿಕಾದ ಗಿಡ್ಡ ಹೆಬ್ಬಾವನ್ನು ನೋಡಿದೆ. ಹೆದರಿದರೆ ಕಚ್ಚುವುದಿಲ್ಲ, ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ. ಆ ಹೆದರಿಕೆ ನನಗೆ ತೀರ ಪರಿಚಿತವೆನಿಸಿತು. ಸರ್ಕಾರಕ್ಕೆ ತಿಳಿಸಿ, ಕಾಗದಪತ್ರ ಮಾಡಿಸಿ, ಮೊಟ್ಟೆಯೊಡೆದು ಮೂರು ತಿಂಗಳಾದ ಒಂದು ಮರಿಯನ್ನು ತಂದೆ. ಸುತ್ತಿಕೊಂಡು ಕೂತಾಗ ಥೇಟ್ ಚಕ್ಕುಲಿ. ಅದೇ ಹೆಸರಾಯಿತು. "ತೋಟದ ತುಂಬ ಹಾವಿರುವಾಗ ಪೇಟೆಯಿಂದ ತರೋದಾ ರೈಟ್ರಮ್ಮ?" ಎಂದು ಮೇಸ್ತ್ರಿ ಸುಂದರ ವಾರವಿಡೀ ನಕ್ಕ.

ಚಕ್ಕುಲಿ ಊಟ ಮುಟ್ಟಲಿಲ್ಲ. ಫ್ರೀಜರಿನ ಇಲಿಮರಿಯನ್ನು ಬೆಚ್ಚಗೆ ಮಾಡಿ ಮುಂದೆ ಹಿಡಿದರೆ ಮುಖ ತಿರುಗಿಸಿ ಉಂಡೆಯಾಗುತ್ತಿತ್ತು. ಒಂದು ವಾರ ಹೋಗಿ ಐದು ವಾರವಾಯಿತು. ಬೆನ್ನೆಲುಬಿನ ಗೆರೆ ಕಾಣತೊಡಗಿತು. ಹೊರಗೆ ಆಷಾಢದ ಮಳೆ, ಒಳಗೆ ನನ್ನ ಅಳು. ಕೊನೆಗೆ ಮಲ್ಲೇಶಣ್ಣನಿಗೆ ಫೋನು ಮಾಡಿದೆ.

ಬಂದವರು ಮೊದಲು ಹಾವನ್ನು ನೋಡಲೇ ಇಲ್ಲ. ಕೋಣೆಯನ್ನು ನೋಡಿದರು. ಕಿಟಕಿಯ ಪಕ್ಕದ ದೊಡ್ಡ ಗಾಜಿನ ಪೆಟ್ಟಿಗೆ, ಎದುರಿಗೆ ಟಿವಿ, ಒಂದೇ ಒಂದು ಪ್ಲಾಸ್ಟಿಕ್ ಗಿಡ. ಪೆಟ್ಟಿಗೆಯ ತಳಕ್ಕೆ ಅಂಗೈ ಇಟ್ಟರು.

"ದಿನಾ ಎತ್ಕೊಳ್ತೀಯಾ?"

"ಹೂಂ, ಅಭ್ಯಾಸ ಆಗ್ಲಿ ಅಂತ."

"ಯಾರ್ಯಾರಿಗೆ ತೋರ್ಸಿದ್ದೀ?"

ನಾನು ಲೆಕ್ಕ ಹಾಕತೊಡಗಿದ್ದನ್ನು ನೋಡಿಯೇ ಅವರಿಗೆ ಸಾಕಾಯಿತು.

"ಈ ಜಾತಿ ನಂಗೂ ಹೊಸ್ದು, ಸುಳ್ಳು ಹೇಳಲ್ಲ. ಆದ್ರೆ ಹೆದರಿಕೆ ಹೊಸ್ದಲ್ಲ. ಬಸ್ ಸ್ಟ್ಯಾಂಡ್ ಮಧ್ಯ ಎಲೆ ಹಾಕಿ ನಿನ್ನ ಕೂರ್ಸಿ, ಎಲ್ರೂ ಸುತ್ತ ನಿಂತು ನೋಡ್ತಾ ಇದ್ರೆ ನಿಂಗೆ ತುತ್ತು ಇಳಿಯತ್ತಾ? ಇದಕ್ಕೆ ಕಾಯಿಲೆ ಇಲ್ಲ ಮಾರಾಯ್ತಿ. ಮನೆ ಇಲ್ಲ."

ಅಂದೇ ಅದಕ್ಕೆ ಮನೆ ಕಟ್ಟಿದೆವು. ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಕ್ಕೆ ಗಾಳಿಯಾಡಲು ತೂತು ಕೊರೆದರು. ಒಂದು ಬದಿಗೆ ಕೆಳಗಿನಿಂದ ಶಾಖ, ಅದು ಅತಿಯಾಗದಂತೆ ಥರ್ಮೋಸ್ಟಾಟ್. ಬಿಸಿಯ ಕಡೆಗೊಂದು, ತಂಪಿನ ಕಡೆಗೊಂದು, ಮೈಗೆ ತಾಗುವಷ್ಟು ಇಕ್ಕಟ್ಟಾದ ಬೋರಲು ಮಡಕೆ ಚೂರು. ಡಬ್ಬವನ್ನು ಒಳಕೋಣೆಯ ಕಪಾಟಿನಲ್ಲಿಟ್ಟು ಬಟ್ಟೆ ಮುಚ್ಚಿದರು.

"ಹತ್ತು ದಿನ ನೀರು ಬದ್ಲಾಯ್ಸು, ಅಷ್ಟೇ. ಮುಟ್ಬೇಡ. ಇಣುಕ್ಬೇಡ. ಮಾತಾಡ್ಸ್ಬೇಡ."

"ಬಾಯಿ ಬಿಡಿಸಿ ತಿನ್ಸಬಹುದಂತೆ ಮಲ್ಲೇಶಣ್ಣ, ವಿಡಿಯೋದಲ್ಲಿ ನೋಡಿದೆ."

ಅವರು ನನ್ನನ್ನು ನೋಡಿದ ರೀತಿಗೆ ನಾನು ತಲೆ ತಗ್ಗಿಸಿದೆ. "ಜೀವ ಹೋಗೋ ಹೊತ್ತಿಗೆ ಡಾಕ್ಟ್ರು ಮಾಡೋ ಕೆಲ್ಸ ಅದು. ನೀನು ಮಾಡಿದ್ರೆ ಇನ್ನು ಜನ್ಮದಲ್ಲಿ ನಿನ್ನ ಕೈ ನಂಬಲ್ಲ ಅದು."

ಹತ್ತು ದಿನ ಮನೆಯಲ್ಲಿ ಬಾಣಂತಿ ಇರುವಂತೆ ತುದಿಗಾಲಲ್ಲಿ ಓಡಾಡಿದೆ. ಹನ್ನೊಂದನೆಯ ಸಂಜೆ ಮಲ್ಲೇಶಣ್ಣ ಬಂದು, ಉದ್ದನೆಯ ಇಕ್ಕಳದಲ್ಲಿ ಬೆಚ್ಚನೆಯ ಇಲಿಮರಿ ಹಿಡಿದರು. ತಿನ್ನಲಿಲ್ಲ. ಅವರು ಬೇಸರಿಸದೆ, "ಇವತ್ತು ಬೇಡ ಅಂದಿದೆ, ಆಗ್ಲಿ" ಎಂದು ಮುಚ್ಚಿಟ್ಟರು. ಮುಂದಿನ ವಾರವೂ ಅಷ್ಟೇ. ಮೂರನೆಯ ಸಲ ಇಲಿಯನ್ನು ಮಡಕೆಯ ಬಾಯಿಯಲ್ಲೇ ಬಿಟ್ಟು, ದೀಪ ಆರಿಸಿ, ನಾವಿಬ್ಬರೂ ಹೊರಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತೆವು. ಒಂದು ಗಂಟೆ ಬಿಟ್ಟು ಹೋಗಿ ನೋಡಿದರೆ ಇಲಿ ಇಲ್ಲ. ಚಕ್ಕುಲಿಯ ನಡುವಲ್ಲೊಂದು ಉಬ್ಬು. ನಾನು ಕಿರುಚಲು ಬಾಯಿ ತೆರೆದಾಗ ಮಲ್ಲೇಶಣ್ಣ ತಮ್ಮ ಬಾಯಿಗೆ ಬೆರಳಿಟ್ಟು ತಡೆದರು. ಅವರ ಕಣ್ಣು ತುಂಬಿತ್ತು.

ಆಮೇಲೆ ಚಕ್ಕುಲಿ ವಾರಕ್ಕೊಮ್ಮೆ ತಪ್ಪದೆ ತಿಂದಿತು. ಮಾಗಿ ಕಳೆಯುವ ಹೊತ್ತಿಗೆ ಮೈತುಂಬಿ ಹೊಳೆಯುತ್ತಿತ್ತು.

ಬೇಸಿಗೆಯಲ್ಲಿ ಕಳಸದಲ್ಲಿರುವ ನನ್ನ ಅಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡರು. ನಾನು ಮೂರು ವಾರ ಅಲ್ಲಿರಬೇಕಾಯಿತು. ಚಕ್ಕುಲಿಯನ್ನು ಬಿಟ್ಟುಹೋಗಲು ಮಲ್ಲೇಶಣ್ಣನ ಮನೆಗಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. "ಅದ್ರ ಕಾಗದದ ಜೆರಾಕ್ಸ್ ಒಂದು ಕೊಟ್ಟಿರು, ಡಾಕ್ಟ್ರ ಹತ್ರ ಹೋಗೋದಾದ್ರೆ ಬೇಕಾಗತ್ತೆ" ಎಂದರು. ಎಷ್ಟು ಮುಂದಾಲೋಚನೆ ಎಂದು ಮೆಚ್ಚಿ ಕೊಟ್ಟೆ. ಕಳಸದಿಂದ ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: "ಗಡದ್ದಾಗಿ ತಿಂದು ಮಲಗಿದೆ. ನೀನು ಅಮ್ಮನ್ನ ನೋಡ್ಕೊ."

ವಾಪಸು ತಂದ ದಿನ ಡಬ್ಬ ಎತ್ತುವಾಗಲೇ ಹಗುರವೆನಿಸಿತು. ಮನೆಗೆ ಬಂದು ಮುಚ್ಚಳ ತೆಗೆದೆ. ಚಕ್ಕುಲಿಯ ಮೂಗಿನ ತುದಿ ಡಬ್ಬಕ್ಕೆ ಉಜ್ಜಿ ಕೆಂಪಾಗಿತ್ತು. ನನ್ನ ನೆರಳು ಬಿದ್ದದ್ದೇ ಬಿಗಿದು ಗಂಟಾಯಿತು. ಇಲಿ ಇಟ್ಟರೆ ಮುಟ್ಟಲಿಲ್ಲ. ಮಲ್ಲೇಶಣ್ಣನನ್ನು ಕೇಳಿದರೆ, "ಪೊರೆ ಬಿಡೋ ಟೈಮಿರ್ಬೇಕು" ಎಂದರು. ನಂಬಿದೆ. ದಾರಿಯ ಕುಲುಕಾಟಕ್ಕೆ ಹೀಗಾಯಿತೆಂದು ನನ್ನನ್ನೇ ಬೈದುಕೊಂಡೆ.

ನಾಲ್ಕು ದಿನದ ಮೇಲೆ ಸುಂದರ ಆಫೀಸಿಗೆ ಬಂದು ತನ್ನ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟ. "ಇದು ನಿಮ್ದಲ್ವಾ ರೈಟ್ರಮ್ಮ?"

ಯಾವುದೋ ಹೋಂಸ್ಟೇಯ ವಿಡಿಯೋ. ಹುಲ್ಲಿನ ಮೇಲೆ ಕುರ್ಚಿಗಳು, ಬಣ್ಣದ ದೀಪ, ಹಾಡು. ನಡುವೆ ಕಿವಿಗೆ ಮೈಕು ಸಿಕ್ಕಿಸಿಕೊಂಡು ನಿಂತವರು ಮಲ್ಲೇಶಣ್ಣ. "ಆಫ್ರಿಕಾದ ರಾಜ ಇವ್ನು! ಮುಟ್ಟಿ, ಮುಟ್ಟಿ, ಏನೂ ಮಾಡಲ್ಲ!" ಚಕ್ಕುಲಿ ಒಬ್ಬರ ಕುತ್ತಿಗೆಯಿಂದ ಇನ್ನೊಬ್ಬರ ಕುತ್ತಿಗೆಗೆ ಹೋಗುತ್ತಿತ್ತು. ಒಬ್ಬ ಹೆಂಗಸಿನ ಅಂಗೈಯಲ್ಲಿ ಅದು ತಲೆ ಒಳಗಿಟ್ಟು ಉಂಡೆಯಾಯಿತು. ಮಲ್ಲೇಶಣ್ಣ ಬಗ್ಗಿ, ಎರಡು ಬೆರಳಿನಿಂದ ಆ ಸುರುಳಿಯನ್ನು ಬಿಡಿಸಿ, ಅದರ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದೇ ಮಧ್ಯಾಹ್ನ ಆಲ್ದೂರಿಗೆ ಹೋದೆ. ಅವರು ಅಂಗಳದಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಎಷ್ಟು ಸಲ ಕರ್ಕೊಂಡು ಹೋದ್ರಿ?"

"ಶನಿವಾರ, ಭಾನುವಾರ."

"ಮೂರು ವಾರವೂ?"

ಅವರು ಕರುವಿನ ಬೆನ್ನು ಸವರತೊಡಗಿದರು.

"ಊಟ?"

"ಮೊದಲ್ನೇ ವಾರ ತಿಂತು. ಆಮೇಲೆ ಇಲ್ಲ."

"ಆ ಜೆರಾಕ್ಸ್ ಕೇಳಿದ್ದು ಅವ್ರಿಗೆ ತೋರ್ಸೋಕಾ?"

ಕೈಯಲ್ಲಿದ್ದ ಹುಲ್ಲನ್ನು ಅವರು ಕೆಳಗಿಟ್ಟರು. "ನಮ್ಮ ಕಾಡಿನ ಹಾವು ಆಡ್ಸಿದ್ರೆ ಫಾರೆಸ್ಟಿನವ್ರು ಬಿಡಲ್ಲ. ಕಾಗದ ಇರೋದಾದ್ರೆ ಪರ್ವಾಗಿಲ್ಲ ಅಂದ್ರು ಹೋಂಸ್ಟೇಯವ್ರು." ಕೈ ಒರೆಸಿಕೊಳ್ಳುತ್ತಾ ಮತ್ತೆ ಹೇಳಿದರು. "ಮೂವತ್ತು ವರ್ಷ ದನದ ಬಾಲ ಎತ್ತಿದವ್ನು ನಾನು. ಒಬ್ರಾದ್ರೂ ಕೂತು ನನ್ನ ಮಾತು ಕೇಳಿದ್ರಾ? ಅಲ್ಲಿ ಸರ್ ಅಂತಾರೆ. ಪ್ರಶ್ನೆ ಕೇಳ್ತಾರೆ. ಮೈಕ್ ಕೊಡ್ತಾರೆ. ನಂಗೆ... ಆಸೆ ಆಯ್ತು ಮಾರಾಯ್ತಿ."

ಕೋಪಕ್ಕೆ ಒಗ್ಗುವಂಥ ಕಾರಣ ಹೇಳಿದ್ದರೆ ಚೆನ್ನಾಗಿ ಬೈದು ಬರುತ್ತಿದ್ದೆ. ಈ ಮಾತಿಗೆ ಬೈಯಲು ಬಾಯಿ ಬರಲಿಲ್ಲ. ಆದರೆ ಕನಿಕರವೂ ಬರಲಿಲ್ಲ. ಏನೂ ತಿಳಿಯದವರು ಹೀಗೆ ಮಾಡಿದ್ದರೆ ಕ್ಷಮಿಸಿಬಿಡಬಹುದಿತ್ತು. ಇವರಿಗೆ ಎಲ್ಲವೂ ತಿಳಿದಿತ್ತು. ನನಗೆ ಕಲಿಸಿದವರೇ ಇವರು.

"ಇನ್ನು ನನಗೆ ಫೋನ್ ಮಾಡ್ಬೇಡಿ" ಎಂದಷ್ಟೇ ಹೇಳಿ ಬಂದೆ.

ಅವರು ಹೇಳಿಕೊಟ್ಟದ್ದನ್ನೇ ಮೊದಲಿನಿಂದ ಮಾಡಿದೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ಮೂಗಿನ ಗಾಯಕ್ಕೆ ಮುಲಾಮು ಕೊಟ್ಟರು. ಕತ್ತಲು, ಶಾಖ, ಮೌನ, ಕಾಯುವುದು. ಈ ಸಲ ಮೂರ್ನಾಲ್ಕು ವಾರ ಸಾಲಲಿಲ್ಲ. ಎಂಟು ವಾರ ಹಿಡಿಯಿತು. ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಚಕ್ಕುಲಿ ಮಡಕೆಯಿಂದ ಮೆಲ್ಲಗೆ ಮುಖ ಹೊರಗೆ ಹಾಕಿ, ಇಲಿಯನ್ನು ಹಿಡಿದು ಒಳಗೆಳೆದುಕೊಂಡಿತು. ನಾನು ಕಿರುಚಲಿಲ್ಲ. ಹೇಳಿಕೊಳ್ಳಲು ಯಾರನ್ನೋ ಹುಡುಕಿದೆ. ನೆನಪಾದದ್ದು ಒಬ್ಬರೇ. ಫೋನನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಆಲ್ದೂರಿನಲ್ಲಿ ಬಸ್ಸು ಹತ್ತಿ ಕೂತಿದ್ದೆ. ಮಲ್ಲೇಶಣ್ಣ ಕೊಡೆ ಹಿಡಿದು ಕಿಟಕಿಯ ಹತ್ತಿರ ಬಂದರು. ಮೊದಲಿಗಿಂತ ಸೊರಗಿದ್ದರು.

"ಅಲ್ಲಿಗೆ ಹೋಗೋದು ಬಿಟ್ಟೆ" ಎಂದರು. ಕಿಟಕಿಯ ಸರಳು ಹಿಡಿದುಕೊಂಡು ಕೇಳಿದರು, "ತಿಂತಾ?"

ಹಿಂದಿನ ದಿನವಷ್ಟೇ ಚಕ್ಕುಲಿ ಎರಡನೆಯ ಇಲಿ ತಿಂದಿತ್ತು.

"ಇಲ್ಲ" ಎಂದೆ.

ಅವರ ಮುಖ ಕುಸಿದದ್ದನ್ನು ಕಣ್ಣು ತಿರುಗಿಸದೆ ನೋಡಿದೆ. ನೋಡಬೇಕೆಂದೇ ಹಾಗೆ ಹೇಳಿದ್ದೆ. ಬಸ್ಸು ಹೊರಟಿತು. ಅವರು ಕೊಡೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ಓಡಿದರು. "ಡಬ್ಬ ಇನ್ನೂ ಚಿಕ್ದು ಮಾಡು! ಬಟ್ಟೆ ತೆಗೀಬೇಡ! ಅದು..." ಮುಂದಿನದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಶ್ರಾವಣದ ಕೊನೆಯಲ್ಲಿ ಮಲ್ಲೇಶಣ್ಣ ಹೃದಯಾಘಾತದಿಂದ ತೀರಿಕೊಂಡರು. ಆ ಒಂದು ಮಾತನ್ನು ತಿದ್ದಲು ನನಗೆ ಎರಡು ತಿಂಗಳ ಸಮಯವಿತ್ತು. ಅವರ ನಂಬರೂ ನನ್ನ ಫೋನಿನಲ್ಲಿತ್ತು. ನಾನು ತಿದ್ದಲಿಲ್ಲ.