ಸುರಪುರದ ಅಕ್ಕೋರು ಬರೆದ ಪಾಳಿ

ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ನನಗೆ ಕೊಟ್ಟಿದ್ದು ಸಾಲಿನ ಕೊನೆಯ ಮನೆ. ಕಾಲುವೆ ತೋಡುವ ಕಾಲಕ್ಕೆ ಆ ಸಾಲುಗಳ ತುಂಬ ಇಂಜಿನಿಯರುಗಳು, ಡ್ರೈವರುಗಳು, ಗುಮಾಸ್ತರು, ಅವರ ಹೆಂಡಿರು ಮಕ್ಕಳು ಇದ್ದರಂತೆ. ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಲ್ಲಬೇಕಾಗುತ್ತಿತ್ತಂತೆ. ನಾನು ಹೋಗುವಷ್ಟರಲ್ಲಿ ಕಾಲುವೆ ಕೆಲಸ ಮುಗಿದು, ನೀರು ಹರಿದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ ಬಹಳ ವರ್ಷವಾಗಿತ್ತು. ಕಟ್ಟಿದವರು ಬೇರೆ ಕಡೆ ಹೋಗಿದ್ದರು. ನನ್ನ ಮನೆಯ ಎಡಕ್ಕಿದ್ದ ಮನೆಗಳ ಬಾಗಿಲಿಗೆ ಬೀಗ, ಅಂಗಳದಲ್ಲಿ ಜಾಲಿ. ಬಲಕ್ಕೆ ಮನೆಯೇ ಇರಲಿಲ್ಲ.

ನಾನು ಯಾದಗಿರಿಯವಳು. ಗಂಜ್‌ನಲ್ಲಿ ಅಪ್ಪನ ಕಾಳಿನ ಅಂಗಡಿಯಿತ್ತು. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಅಣ್ಣ ಅದನ್ನು ನಡೆಸುತ್ತಿದ್ದ. ನನಗೆ ಮದುವೆಯಾಗಿರಲಿಲ್ಲ. ಕಂಪ್ಯೂಟರ್ ಓದಿಕೊಂಡಿದ್ದೆ, ಅಲ್ಲಿ ಇಲ್ಲಿ ಪಾಠ ಹೇಳಿದ್ದೆ. ಕಾಲುವೆ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಾಗ, ದಿನಾ ಬಸ್ಸಿನಲ್ಲಿ ಓಡಾಡುವುದು ಕಷ್ಟ, ಅಲ್ಲೇ ಇರುತ್ತೇನೆ ಎಂದೆ. ಮನೆಯಲ್ಲಿ ಯಾರೂ ಹೋಗು ಅನ್ನಲಿಲ್ಲ. ಹೋಗಬೇಡ ಅಂತಲೂ ಯಾರೂ ಅನ್ನಲಿಲ್ಲ. ಅತ್ತಿಗೆ ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮೊದಲ ದಿನವೇ ಸಾಹೇಬರು ಕೆಲಸ ಹೇಳಿದರು. ಯಾವ ಕಿರುಗಾಲುವೆಗೆ ಯಾವ ದಿನ ನೀರು ಎಂದು ಲೆಕ್ಕ ಹಾಕಿ, ಆಯಾ ಊರಿನ ರೈತರ ಫೋನಿಗೆ ಸಂದೇಶ ಕಳಿಸುವ ಪ್ರೋಗ್ರಾಂ ಒಂದು ಆ ಕಚೇರಿಯಲ್ಲಿತ್ತು. ಜಾವಾದಲ್ಲಿ ಬರೆದದ್ದು. ಅದಿದ್ದ ಕಂಪ್ಯೂಟರ್ ಕೆಟ್ಟು ಹೋಗಿತ್ತು.

"ಹಿಂದಿನ ಮೇಡಂ ಮಾಡಿಟ್ಟಾರ್ರಿ," ಅಂದರು ಸಾಹೇಬರು. "ಅವರು ಕೆಲಸ ಬಿಟ್ಟು ಹೋಗ್ಯಾರ. ಪೆನ್‌ಡ್ರೈವ್‌ನ್ಯಾಗ ಎಲ್ಲಾ ಅದ. ಹೊಸಾ ಕಂಪ್ಯೂಟರಿನ್ಯಾಗ ಕುಂದ್ರಸಿಬಿಡ್ರಿ. ನೀರ್ ಬಿಡೋದ್ರೊಳಗ ಓಡಬೇಕು ನೋಡ್ರಿ."

"ಆಯ್ತ್ರಿ ಸರ್," ಎಂದೆ. ಸುಲಭದ ಕೆಲಸ ಅನ್ನಿಸಿತ್ತು. ಜಾವಾ ಬರೆಯುವ ತಂತ್ರಾಂಶದಲ್ಲಿ ಹಳೆಯ ಪ್ರಾಜೆಕ್ಟನ್ನು ಒಳಗೆ ತಂದುಕೊಳ್ಳಲೆಂದೇ ಒಂದು ದಾರಿಯಿದೆ. ಫೋಲ್ಡರ್ ತೋರಿಸಬೇಕು, ಅದು ಪ್ರಾಜೆಕ್ಟನ್ನು ಗುರುತು ಹಿಡಿಯುತ್ತದೆ, ಹೂಂ ಅಂದರೆ ಸಾಕು. ನಾನು ಫೋಲ್ಡರ್ ತೋರಿಸಿದೆ. ಒಳಗೆ ತರುವಂಥ ಪ್ರಾಜೆಕ್ಟ್ ಯಾವುದೂ ಇಲ್ಲ ಎಂದಿತು.

ಕಡತಗಳೇನೋ ಇದ್ದವು, ಕಣ್ಣಿಗೆ ಕಾಣುತ್ತಿದ್ದವು. ಆದರೆ ಪ್ರಾಜೆಕ್ಟಿನ ಗುರುತು ಹೇಳುವ ಒಂದೆರಡು ಸಣ್ಣ ಕಡತಗಳಿರುತ್ತವೆ, ಚುಕ್ಕಿಯಿಂದ ಶುರುವಾಗುವ ಹೆಸರಿನವು. ಎಷ್ಟೋ ಸಲ ಅವು ಮರೆಯಲ್ಲಿರುತ್ತವೆ. ಕಾಪಿ ಮಾಡಿದವರು ಕಂಡಷ್ಟನ್ನು ಮಾತ್ರ ತಂದಿದ್ದರು.

ಕಚೇರಿಯ ಹಿರಿಯ ಜವಾನರನ್ನು ಕರೆದುಕೊಂಡು ಸ್ಟೋರ್ ಕೋಣೆಗೆ ಹೋದೆ. ಮುರಿದ ಕುರ್ಚಿಗಳ ಕೆಳಗಿನಿಂದ ಅವರು ಹಳೆಯ ಕಂಪ್ಯೂಟರನ್ನು ಎಳೆದು, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದರು. ಒಳಗಿನ ಡಿಸ್ಕ್ ಬಿಚ್ಚಿ ಹೊಸದಕ್ಕೆ ಜೋಡಿಸಿದೆ. ಅದೊಂದು ಮಾತ್ರ ಕೆಟ್ಟಿರಲಿಲ್ಲ. ಈ ಸಲ ಫೋಲ್ಡರ್ ತೋರಿಸಿದಾಗ ಪರದೆಯ ಮೇಲೆ ಒಂದು ಹೆಸರು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ, ಪಾಳಿ.

ಹೆಸರಿನ ಮಗ್ಗುಲಲ್ಲೇ ಏನೋ ತಪ್ಪಿದೆ ಎನ್ನುವ ಕೆಂಪು ಗುರುತು. ಇಂಥ ಪ್ರಾಜೆಕ್ಟಿಗೆ ತಾನು ಹುಟ್ಟಿದ ಕಂಪ್ಯೂಟರಿನ ನೆನಪು ಇರುತ್ತದೆ: ಜಾವಾ ಎಲ್ಲಿತ್ತು, ಎರವಲು ತಂದ ಸಾಮಾನು ಯಾವ ಫೋಲ್ಡರಿನಲ್ಲಿತ್ತು ಎಂದು. ಹೊಸ ಜಾಗದಲ್ಲಿ ಅವು ಯಾವುವೂ ಇರುವುದಿಲ್ಲ. ಒಂದೊಂದನ್ನೂ ಹುಡುಕಿ, ಇದು ಇಲ್ಲಿದೆ, ಅದು ಅಲ್ಲಿದೆ ಎಂದು ತೋರಿಸಬೇಕು. ಅದನ್ನೇ ಮಾಡುತ್ತ ಕೂತೆ. ಸಂಜೆ ಮನೆಗೆ ಹೋಗುವುದು, ಒಂದು ರೊಟ್ಟಿ ಬಡಿಯುವುದು, ಉಣ್ಣುವುದು, ಮರುದಿನ ಬಂದು ಮತ್ತೆ ಕೂಡುವುದು. ಕಚೇರಿಯಲ್ಲಿ ಎಲ್ಲರೂ ಗಂಡಸರು. ಮರ್ಯಾದೆಯಿಂದ ಇದ್ದರು, ಆದರೆ ನಾನು ಬಂದರೆ ಅವರ ಮಾತು ನಿಲ್ಲುತ್ತಿತ್ತು. ಒಮ್ಮೊಮ್ಮೆ ಇಡೀ ದಿನದಲ್ಲಿ ನಾನು ಆಡಿದ ಮಾತೆಂದರೆ "ಆಯ್ತ್ರಿ ಸರ್" ಒಂದೇ.

ಪ್ರೋಗ್ರಾಂನ ಸಾಲುಗಳ ನಡುವೆ ಅಲ್ಲಲ್ಲಿ ಸೊಟ್ಟಪಟ್ಟ ಚಿಹ್ನೆಗಳ ಗೊಂಚಲುಗಳಿದ್ದವು. ಡಿಸ್ಕ್ ಹಾಳಾಗಿರಬೇಕು ಎಂದು ಮೊದಲು ಹೆದರಿದೆ. ಆಮೇಲೆ ಹೊಳೆಯಿತು, ಅಕ್ಷರ ಓದುವ ರೀತಿ ತಪ್ಪಾಗಿದೆ ಎಂದು. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಿ ಯುಟಿಎಫ್-೮ ಮಾಡಿದೆ. ಚಿಹ್ನೆಗಳೆಲ್ಲ ಒಮ್ಮೆಗೇ ಕನ್ನಡವಾದವು. ಊರ ಹೆಸರುಗಳು ಬಂದವು. ಅವುಗಳ ಜೊತೆಗೆ, ಮುಂದೆ ಓದುವವರಿಗೆಂದು ಪ್ರೋಗ್ರಾಂ ಬರೆಯುವವರು ನಡುನಡುವೆ ಬಿಡುವ ಟಿಪ್ಪಣಿಗಳು.

"ಇಲ್ಲಿ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ಮುಂದಿಂದು ನಿಮ್ಮ ನಸೀಬ."

"ಈ ಲೆಕ್ಕ ಯಾಕ ಬರಾಕತ್ತದ ನನಗೂ ಗೊತ್ತಿಲ್ಲ, ಆದ್ರ ಬರಾಕತ್ತದ."

"ಇವತ್ತ ಜೋರ್ ಮಳಿ. ಆಫೀಸಿನ್ಯಾಗ ನಾನೊಬ್ಬಾಕಿನೇ ಇದೀನಿ."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಬಾಗಿಲ ಹತ್ತಿರ ಕೂತಿದ್ದ ಜವಾನರು ಬೆಚ್ಚಿ ನೋಡಿದರು. ಕ್ಯಾಂಪಿಗೆ ಬಂದ ಮೇಲೆ ನಾನು ನಕ್ಕದ್ದನ್ನು ಅವರು ನೋಡಿರಲಿಲ್ಲ.

ಎಲ್ಲ ಕೆಂಪು ಗುರುತುಗಳೂ ಹೋಗಿ ಒಂದು ಮಾತ್ರ ಉಳಿಯಿತು. ಪಾಳಿ ಇನ್ನೊಂದು ಪ್ರಾಜೆಕ್ಟನ್ನು ಕೇಳುತ್ತಿತ್ತು. ಅದರ ಹೆಸರು ಕೊನಿ. ಹಳೆಯ ಡಿಸ್ಕ್ ಎಲ್ಲ ಹುಡುಕಿದೆ, ಇರಲಿಲ್ಲ. ಅದಿಲ್ಲದೆ ಪಾಳಿ ಏಳುತ್ತಿರಲಿಲ್ಲ.

"ಹಿಂದಿನ ಮೇಡಂ ಈಗ ಎಲ್ಲಿ ಅದಾರ್ರಿ?" ಎಂದು ಜವಾನರನ್ನು ಕೇಳಿದೆ.

"ಸುರಪುರದಾಗ ಸಾಲಿ ಅಕ್ಕೋರಾಗ್ಯಾರ್ರಿ. ಸರ್ಕಾರಿ ನೌಕರಿ ಆತು, ಇದನ್ನ ಬಿಟ್ರು. ನಂಬರ್ ಅದ ನೋಡ್ರಿ ನನ್ನತ್ರ."

ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ನಾನು ಯಾರು, ಯಾಕೆ ಫೋನ್ ಮಾಡಿದೆ ಎಂದು ಹೇಳಿದೆ.

"ಪಾಳಿ ತಗದೀರೇನ್ರಿ?" ಎಂದರು.

"ತಗದೀನ್ರಿ. ಕೊನಿ ಸಿಗವಲ್ದು."

"ಅದು ಆಫೀಸಿನ್ಯಾಗ ಇಲ್ರಿ. ಮನ್ಯಾಗ ಕುಂತು ಬರ್ದಿದ್ದೆ, ಪೆನ್‌ಡ್ರೈವ್ ಹಚ್ಚಿ ಓಡಿಸ್ತಿದ್ದೆ. ನನ್ನತ್ರ ಅದ. ಐತಾರ ಲ್ಯಾಪ್‌ಟಾಪ್ ತಗೊಂಡು ಬಂದುಬಿಡ್ರಿ."

ಪಾಳಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಭಾನುವಾರ ಸುರಪುರದ ಬಸ್ಸು ಹತ್ತಿದೆ. ಅವರ ಮನೆ ಗುಡ್ಡದ ಬುಡದ ಓಣಿಯಲ್ಲಿ, ಎರಡೇ ಕೋಣೆಯದು. ಬಾಗಿಲ ಮೇಲೆ ಬುದ್ಧನ ಪಟ. ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಗಟ್ಟಿ ದನಿ, ಚುರುಕು ಕೈ. ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಅಲ್ಲೇ ಖೋಲಿ ಮಾಡಿಕೊಂಡು ಇರುತ್ತಾರೆ, ರಜೆ ಸಿಕ್ಕಾಗ ಬರುತ್ತಾರೆ ಎಂದರು. ಮಕ್ಕಳಿರಲಿಲ್ಲ.

ನನ್ನ ಹಣೆಯ ಮೇಲಿನ ವಿಭೂತಿಯನ್ನು ಅವರು ಒಮ್ಮೆ ನೋಡಿದರು.

"ನಮ್ಮನ್ಯಾಗ ಚಹಾ ಕುಡಿತೀರೇನ್ರಿ?"

"ಕುಡಿತೀನ್ರಿ. ಸಕ್ರಿ ಜರಾ ಕಮ್ಮಿ."

"ಚಹಾಕ್ಕ ಬಂದು ಸಕ್ರಿ ಕಮ್ಮಿ ಅಂದ್ರ ಹ್ಯಾಂಗ್ರಿ," ಎಂದು ಒಳಗೆ ಹೋದರು. ಚಹಾ ಪಾಕದ ಹಾಗಿತ್ತು. ಕುಡಿದು ಮುಗಿಸಿದೆ. ಖಾಲಿ ಲೋಟವನ್ನು ಅವರು ನನ್ನ ಕೈಯಿಂದಲೇ ಇಸಿದುಕೊಂಡರು.

ಕೊನಿ ಇದ್ದ ಪೆನ್‌ಡ್ರೈವ್ ಬಳೆಗಳ ಡಬ್ಬಿಯಲ್ಲಿತ್ತು. ಚಾಪೆಯ ಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತೆವು, ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ. ಕೊನಿ ಇರುವ ಜಾಗ ತೋರಿಸಿದೆ. ಹೆಸರು ಬಂತು. ಹೂಂ ಎನ್ನಲು ಹೋದಾಗ ಅವರು ನನ್ನ ಕೈ ಹಿಡಿದರು.

"ತಡೀರಿ, ತಡೀರಿ. ಅಲ್ಲಿ ಕಾಪಿ ಮಾಡು ಅಂತ ಕೇಳ್ತದಲ್ಲ, ಅಲ್ಲಿ ಟಿಕ್ ಹಾಕ್ರಿ. ಇಲ್ಲಂದ್ರ ಇದರೊಳಗಿಂದನ ಓದ್ತದ. ಪೆನ್‌ಡ್ರೈವ್ ತಗದ ಕೂಡ್ಲೆ ಮತ್ತ ಕೆಂಪಾಗ್ತದ."

ನನಗೂ ಗೊತ್ತಿದ್ದ ವಿಷಯವೇ. ಅವಸರದಲ್ಲಿ ಬಿಟ್ಟಿದ್ದೆ. ಟಿಕ್ ಹಾಕಿದೆ. ಎರಡೂ ಪ್ರಾಜೆಕ್ಟುಗಳನ್ನು ಜೋಡಿಸಿದೆ. ಕೆಂಪು ಗುರುತು ಒಂದು ಗಳಿಗೆ ಅಲ್ಲೇ ಇದ್ದು, ಮಾಯವಾಯಿತು. ಓಡಿಸಿದೆ. ಪರದೆಯ ಮೇಲೆ ಊರುಗಳ ಸಾಲು ಬಂತು. ಎಲ್ಲಕ್ಕಿಂತ ಮೊದಲು ಕೊಂಕಲ್.

ಅಕ್ಕೋರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕೊಂಕಲ್ ಯಾಕ್ರಿ ಮೊದಲು?" ಎಂದು ಕೇಳಿದೆ. "ಅದು ಕಾಲುವಿ ಕೊನಿಗಲ್ಲೇನ್ರಿ ಬರೋದು?"

"ಅದಕ್ಕೇ ಮೊದಲು. ಕೊಂಕಲ್ ನಮ್ಮ ತವರುಮನಿ. ಕೆನಾಲ ಬುಡದಾಗ ಇದ್ದವರಿಗಿ ಯಾರೂ ಹೇಳೋದು ಬ್ಯಾಡ, ಮನಿ ಮುಂದ ನೀರು ಕಾಣ್ತದ. ಕೊನಿ ಹೊಲದವರಿಗಿ ನೀರು ಬಂದದ್ದು ತಿಳಿಯೋದ್ರೊಳಗ ಪಾಳಿ ಮುಗಿದಿರ್ತಿತ್ತು. ನಮ್ಮಪ್ಪ ಹಂಗೇ ಕಾದು ಕಾದು ಮನಿಗಿ ಬರ್ತಿದ್ದ. ಅದಕ್ಕ ಕೊನಿಯವರಿಗಿ ಮೊದಲು ಮೆಸೇಜ್ ಹೋಗಬೇಕು ಅಂತ ಅಷ್ಟನ್ನ ಬ್ಯಾರೆ ಬರ್ದೆ."

ಸಾಹೇಬರೂ ಒಪ್ಪಿದ್ದರಂತೆ. ಆದರೆ ಅದನ್ನು ಹೇಗೆ ಬರೆದೆ ಎಂದು ಕೇಳಿದವರು ಯಾರೂ ಇಲ್ಲ. ಗಂಡನಿಗೆ ಹೇಳಿದರೆ ಛಲೋ ಆತು ಅಂದರಂತೆ. ಶಾಲೆಯಲ್ಲಿ ಹೇಳಲೇ ಇಲ್ಲ. ಆ ಮಧ್ಯಾಹ್ನ ಅವರು ಒಂದೊಂದೇ ಸಾಲು ತೋರಿಸಿ ಹೇಳಿದರು, ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ನಡುವೆ ಪುಂಡಿಪಲ್ಯ, ರೊಟ್ಟಿ ಬಡಿಸಿದರು. ಹೊರಡುವ ಹೊತ್ತಿಗೆ ನಾನು ಅವರ ಬಾಯಲ್ಲಿ ಮೇಡಂ ಹೋಗಿ ತಂಗಿ ಆಗಿದ್ದೆ.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಬರುವಾಗ ಗಂಟಲು ನೋಯುತ್ತಿತ್ತು. ಬಹಳ ದಿನಗಳ ನಂತರ ಅಷ್ಟು ಮಾತಾಡಿದ್ದೆ.

ಆಮೇಲೆ ಕೆಲವು ಭಾನುವಾರ ಫೋನಿನಲ್ಲಿ ಮಾತಾಡಿದೆವು. ಸಂದೇಶ ಕಳಿಸುವ ಭಾಗದಲ್ಲಿ ಒಂದು ತೊಡಕಿತ್ತು, ಊರುಗಳನ್ನು ಸೇರಿಸುವಲ್ಲಿ ಇನ್ನೊಂದು. ಒಂದೊಂದೇ ಬಗೆಹರಿದವು. ಬಗೆಹರಿದಂತೆ ಮಾತೂ ಸಣ್ಣದಾಯಿತು. ಒಂದು ಭಾನುವಾರ ಅವರೇ ಫೋನ್ ಮಾಡಿ, "ಏನರ ಕೆಂಪು ಅದ ಏನು ತಂಗಿ?" ಎಂದರು.

"ಏನಿಲ್ರಿ ಅಕ್ಕೋರ. ಛಲೋ ಓಡಾಕತ್ತದ."

"ಹೌದಾ. ಛಲೋ ಆತು ಬಿಡು."

ಫೋನ್ ಇಟ್ಟರು. ಅವರು ಕೆಂಪು ಗುರುತಿಗಾಗಿ ಫೋನ್ ಮಾಡಿರಲಿಲ್ಲ ಎಂದು ತಿಳಿಯಲು ನನಗೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಬೇಕಾಯಿತು. ತಿರುಗಿ ಮಾಡಿದೆ.

"ಅಕ್ಕೋರ, ನೀರು ಬಿಡೋ ದಿನ ಇಲ್ಲಿಗೇ ಬರ್ರಿ. ಮೆಸೇಜ್ ಹೋಗೋದನ್ನ ನೀವೂ ನೋಡ್ರಿ."

"ಸಾಲಿ ಅದಲ್ಲ."

"ರಜಾ ಹಾಕ್ರಿ."

ಬಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ, ಪರೀಕ್ಷೆಗೆ ಬಂದವರ ಹಾಗೆ. ಸಾಹೇಬರು ಬರ್ರಿ ಬರ್ರಿ ಎಂದು ಕುರ್ಚಿ ಕೊಟ್ಟರೂ ಕೂಡದೆ ನನ್ನ ಬೆನ್ನ ಹಿಂದೆಯೇ ನಿಂತರು. ಸಂದೇಶಗಳು ಹೋದವು. ಅವರು ಅಲ್ಲಿಂದಲೇ ಕೊಂಕಲ್ಲಿನ ತಮ್ಮನಿಗೆ ಫೋನ್ ಹಚ್ಚಿದರು.

"ಮೆಸೇಜ್ ಬಂತೇನೋ?" ಎಂದರು. ಕೇಳಿಸಿಕೊಂಡು ನಮಗೆ ತಲೆಯಾಡಿಸಿದರು. "ನೀರು?" ಎಂದರು. ಮತ್ತೆ ಕೇಳಿಸಿಕೊಂಡರು. "ಇನ್ನ ಬಂದಿಲ್ಲಂತ. ಹಾದಿ ಕಾಯಾಕತ್ತಾರ."

ಆ ಸಲ ಕೊಂಕಲ್ಲಿಗೆ ನೀರು ಹೋಯಿತು, ಸ್ವಲ್ಪವೇ ಆದರೂ. ಮುಂದಿನ ಬೆಳೆಗೆ ಹೋಗಲಿಲ್ಲ. ಮೇಲಿನ ಊರುಗಳವರು ಕಾಲುವೆಯ ಬಾಗಿಲು ಎತ್ತಿ ತಮ್ಮ ಗದ್ದೆಗೆ ತಿರುಗಿಸಿಕೊಂಡರೆ ಪ್ರೋಗ್ರಾಂ ಏನು ಮಾಡೀತು. ಅದನ್ನೂ ಅಕ್ಕೋರೇ ಹೇಳಿದರು. ದನಿಯಲ್ಲಿ ಸಿಟ್ಟಿತ್ತು, ಆಶ್ಚರ್ಯ ಇರಲಿಲ್ಲ.

ಮೊದಲ ಸಂದೇಶಗಳು ಹೋದ ಆ ದಿನ ಸಂಜೆ ಅವರನ್ನು ನನ್ನ ಮನೆಗೆ ಕರೆದುಕೊಂಡು ಹೋಗಿದ್ದೆ. ಬೀಗ ಹಾಕಿದ ಮನೆಗಳನ್ನು ದಾಟುವಾಗ ಅವರು ಜಾಲಿಗೆ ತಾಗದಂತೆ ಸೆರಗು ಎಳೆದುಕೊಂಡರು. ನನ್ನ ಅಡಿಗೆಮನೆಯಲ್ಲಿ ಒಂದೇ ತಾಟು, ಒಂದೇ ಲೋಟ ಇರುವುದನ್ನು ನೋಡಿದರು. ಚಹಾ ಮಾಡಿ ಅವರಿಗೆ ಲೋಟದಲ್ಲಿ ಕೊಟ್ಟು, ನಾನು ಬಟ್ಟಲಲ್ಲಿ ಹಾಕಿಕೊಂಡೆ.

"ಇಲ್ಲಿ ಹ್ಯಾಂಗ ಇರ್ತಿ ತಂಗಿ ಒಬ್ಬಾಕಿ?"

"ರೂಢಿ ಆಗ್ಯಾದ್ರಿ."

"ಯಾತರದ ರೂಢಿ. ನನಗೂ ಹಂಗೇ ಅಂತಾರ ಎಲ್ಲರೂ, ರೂಢಿ ಆಗ್ತದ ಅಂತ." ಲೋಟ ಕೆಳಗಿಟ್ಟು ಎದ್ದರು. ಕಡೆಯ ಬಸ್ಸಿಗೆ ಹೊತ್ತಾಗಿತ್ತು. ರಸ್ತೆಯವರೆಗೆ ಹೋಗಿ ಹತ್ತಿಸಿ ಬಂದೆ.

ನನ್ನ ಗುತ್ತಿಗೆ ಮುಗಿಯುವ ಮೊದಲೇ ಮೇಲಿನ ಕಚೇರಿಯಿಂದ ಬೇರೆ ಪ್ರೋಗ್ರಾಂ ಬಂತು, ಎಲ್ಲ ಕಾಲುವೆಗಳಿಗೂ ಒಂದೇ. ಅದರಲ್ಲಿ ಎಲ್ಲರಿಗೂ ಒಟ್ಟಿಗೇ ಸಂದೇಶ ಹೋಗುತ್ತದೆ, ಇದನ್ನು ತೆಗೆದಿಡಿ ಎಂದರು ಸಾಹೇಬರು. ಅವರಿಗೂ ಬೇಸರವಿತ್ತು ಅನ್ನಿಸುತ್ತದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಗುತ್ತಿಗೆ ಮುಂದುವರಿಯಲಿಲ್ಲ. ಯಾದಗಿರಿಗೆ ಬಂದೆ. ಅಣ್ಣನ ಮನೆಗೆ ಹೋಗದೆ ಸ್ಟೇಷನ್ ಹತ್ತಿರ ಒಂದು ಖೋಲಿ ಹಿಡಿದು, ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದೆ.

ಅಕ್ಕೋರಿಗೆ ತಿಳಿಸುವುದನ್ನು ಬಹಳ ದಿನ ಮುಂದೂಡಿದೆ. ಕಡೆಗೆ ಒಂದು ಸಂಜೆ ಫೋನ್ ಮಾಡಿ, ಪಾಳಿಯನ್ನು ನಿಲ್ಲಿಸಿದರು ಎಂದು ಹೇಳಿದೆ. ಪಕ್ಕದಲ್ಲಿ ಯಾರದೋ ಮನೆಯ ಟಿವಿ ಕೇಳುತ್ತಿತ್ತು, ಅವರ ಕಡೆಯದೋ ನನ್ನ ಕಡೆಯದೋ.

"ಅಕ್ಕೋರ, ಅದೀರೇನ್ರಿ?"

"ಅದೀನಿ. ಊಟ ಆತೇನು?" ಎಂದರು.

"ಇಲ್ರಿ ಇನ್ನ."

"ಮಾಡ್ಕೋ ಮತ್ತ. ನಂದೂ ಆಗಿಲ್ಲ. ಉಂಡ ಮ್ಯಾಲ ಫೋನ್ ಹಚ್ಚತೀನಿ, ಮಲಗಬ್ಯಾಡ."

ಫೋನ್ ಇಟ್ಟು ಎದ್ದು, ಹಿಟ್ಟು ಕಲಸಿಕೊಂಡೆ.