ಪೋಷಕರ ಕೋರಿಕೆಯ ಮೇರೆಗೆ

೧೯೯೮, ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತೂಕಾಲು. ಹಲಸೂರಿನ ನಮ್ಮ ಪಿಯು ಕಾಲೇಜಿನ ಕಚೇರಿಯಲ್ಲಿ ಇದ್ದವರು ನಾಲ್ವರು: ಆಡಳಿತ ಮಂಡಳಿಯ ಕಾರ್ಯದರ್ಶಿ, ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ, ಅವಳ ತಾಯಿ, ಹೆಡ್ ಕ್ಲರ್ಕ್ ಆಗಿದ್ದ ನಾನು. ಹುಡುಗಿಗೆ ಐದು ತಿಂಗಳು ತುಂಬಿತ್ತು.

ಕಾಲೇಜು ಒಂದು ಧಾರ್ಮಿಕ ಟ್ರಸ್ಟಿನದು. ಎಂಟೂವರೆಗೆ ಪ್ರಾರ್ಥನೆ, ಎಂಟು ಮುಕ್ಕಾಲಿಗೆ ಹಾಜರಿ. ಆ ಶಿಸ್ತು ನನಗೆ ಇಷ್ಟವಾಗಿತ್ತು, ಈಗಲೂ ಇಷ್ಟ. ಧರ್ಮದ ಹೆಸರಿನಲ್ಲಿ ಅಲ್ಲಿ ನಡೆದ ಉಳಿದದ್ದರ ಬಗ್ಗೆ ಆ ಮಾತು ಹೇಳಲಾರೆ.

ತಂದೆಯಾಗಲಿದ್ದವನೂ ಅದೇ ತರಗತಿಯವನು. ಇಬ್ಬರೂ ಒಮ್ಮೆ ಫೇಲಾಗಿ ಮತ್ತೆ ಕುಳಿತವರು, ಹತ್ತೊಂಬತ್ತು ದಾಟಿದವರು. ಅವನಿಗೆ ಮಂಡಳಿ ವಿಧಿಸಿದ್ದು ಪ್ರಾಯಶ್ಚಿತ್ತ: ಒಂದು ವಾರ ಪ್ರಾರ್ಥನಾ ಮಂದಿರದ ದೀಪಗಳನ್ನು ತಿಕ್ಕುವುದು. ಹುಣಸೆಹಣ್ಣನ್ನು ಟ್ರಸ್ಟೇ ಕೊಟ್ಟಿತು. ಏಳು ದಿನದಲ್ಲಿ ಹಿತ್ತಾಳೆಯೂ ಶುದ್ಧವಾಯಿತು, ಅವನೂ ಶುದ್ಧನಾದ. ಹಿಂದಿನ ದಿನವೇ ಬಂದು ಹಾಲ್ ಟಿಕೆಟ್ ತೆಗೆದುಕೊಂಡು ಹೋಗಿದ್ದ. ಅವಳಿಗೆ ತಿಕ್ಕಲು ಒಂದು ಚಮಚವನ್ನೂ ಕೊಡಲಿಲ್ಲ. ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ಟಿಸಿ ಕೊಡಲು ಹೊರಟರು.

"ಮೇಡಂ, ಟಿಸಿ ಬರೆದ್ಬಿಡಿ," ಎಂದರು ಕಾರ್ಯದರ್ಶಿ. "ಕಾರಣದ ಕಾಲಂನಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಅಂತ ಹಾಕಿ. ಬೇರೆ ಹುಡ್ಗೀರು ನೋಡ್ತಾರೆ. ಪರಂಪರೆ ಅಂತ ಒಂದಿದೆಯಲ್ಲ."

ತಾಯಿ ಎದ್ದು ನಿಂತರು. ಕೆ.ಆರ್. ಪುರದ ಕಡೆಯವರು, ಸೊಪ್ಪು ಬೆಳೆಯುತ್ತಿದ್ದ ಮನೆಯವರು. "ನಾನ್ಯಾವಾಗ್ ಕೋರ್ಕೊಂಡೆ ಸಾಮಿ? ಆ ಹುಡ್ಗ ಬರೀತಾನಂತೆ, ಇವ್ಳೂ ಬರೀಲಿ. ಹೊಟ್ಟೆ ಏನು ಪೆನ್ ಹಿಡ್ಕೊಳುತ್ತಾ?"

"ಅವನು ಗಂಡು ಹುಡ್ಗ ಕಣಮ್ಮ. ಭವಿಷ್ಯ ನೋಡ್ಬೇಕಲ್ಲ."

"ಇವ್ಳದ್ದು ಭವಿಷ್ಯ ಅಲ್ದೆ ಇನ್ನೇನು, ಬಸ್ಸಾರಾ?"

ಅಷ್ಟರಲ್ಲಿ ಮೇಲಿನ ಸ್ಟಾಫ್ ರೂಮಿನಿಂದ ಕರೆ ಬಂತು. ಅಲ್ಲಿ ನಮ್ಮ ಒಬ್ಬ ಉಪನ್ಯಾಸಕಿಗೆ ಟ್ರಸ್ಟಿನ ವತಿಯಿಂದ ಸೀಮಂತ. ಹಸಿರು ಬಳೆ, ಕೋಸಂಬರಿ, ಚಿತ್ರಾನ್ನ. "ಬಸುರಿ ಅಂದ್ರೆ ಸಾಕ್ಷಾತ್ ಲಕ್ಷ್ಮಿ!" ಎಂದು ಅಧ್ಯಕ್ಷರು ಭಾಷಣ ಮಾಡುತ್ತಿದ್ದದ್ದು ಕಚೇರಿಗೇ ಕೇಳಿಸುತ್ತಿತ್ತು. ಕಾರ್ಯದರ್ಶಿ ಶಲ್ಯ ಸರಿಮಾಡಿಕೊಂಡು, "ಬರೋಷ್ಟರಲ್ಲಿ ರೆಡಿ ಇರ್ಲಿ," ಎಂದು ಲಕ್ಷ್ಮಿಯ ದರ್ಶನಕ್ಕೆ ಮೆಟ್ಟಿಲೇರಿದರು.

‘ಪೋಷಕರ ಕೋರಿಕೆಯ ಮೇರೆಗೆ’ ಎಂಬುದನ್ನು ಹಿಂದೆ ಇಬ್ಬರು ಹುಡುಗಿಯರ ಟಿಸಿಯಲ್ಲಿ ನನ್ನ ದುಂಡು ಅಕ್ಷರದಲ್ಲೇ ಬರೆದಿದ್ದೆ. ಕೋರಿಕೆ ಪತ್ರವನ್ನು ಇದೇ ಮನುಷ್ಯ ಹೇಳಿ ಬರೆಸಿದ್ದರು, ತಂದೆಯರು ತಲೆತಗ್ಗಿಸಿ ಸಹಿ ಹಾಕಿದ್ದರು. ಕಡತ ಸರಿಯಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು.

"ಅಮ್ಮ, ನೀವೇನಾದ್ರೂ ಬರ್ಕೊಟ್ಟಿದ್ದೀರಾ?"

"ಇಲ್ಲ. ಸಾಯೋವರ್ಗೂ ಕೊಡಲ್ಲ."

ಪತ್ರವಿಲ್ಲದೆ ಟಿಸಿ ಇಲ್ಲ. ಬೋರ್ಡಿನಿಂದ ಬಂದ ಹಾಲ್ ಟಿಕೆಟ್ ತಡೆಹಿಡಿಯಲು ಲಿಖಿತ ಆದೇಶವೂ ಇರಲಿಲ್ಲ. ಬೀರು ತೆರೆದೆ.

"ಮೇಡಂ, ನಿಮ್ಗೆ ಬೈತಾರೆ," ಎಂದಳು ಹುಡುಗಿ.

"ಬೈಲಿ. ಹೆಸರು, ನಂಬರ್ ಸರಿ ಇದೆಯಾ ನೋಡ್ಕೊ. ಇಲ್ಲಿ ಸೈನ್ ಹಾಕು. ಹಾಗಲ್ಲ, ಗೆರೆ ಮೇಲೆ."

ಕಾರ್ಯದರ್ಶಿ ತಾಂಬೂಲ ಹಿಡಿದು ಇಳಿದು ಬಂದಾಗ ತಾಯಿ ಮಗಳು ಬಸ್ ಹತ್ತಿಯಾಗಿತ್ತು.

"ಕೋರಿಕೆ ಪತ್ರ ಬಂದಿಲ್ಲ ಸಾರ್. ಹಾಲ್ ಟಿಕೆಟ್ ಕೊಟ್ಟೆ. ತಡೀಬೇಕಂದ್ರೆ ನಿಜವಾದ ಕಾರಣ ಬರೆದು, ನೀವೇ ಸಹಿ ಮಾಡಿ ಬೋರ್ಡಿಗೆ ಕಳ್ಸಿ." ಪೆನ್ನು ಮುಂದೆ ಹಿಡಿದೆ.

ಅವರು ಪೆನ್ನನ್ನು ನೋಡಿದರು, ತಾಂಬೂಲವನ್ನು ನೋಡಿಕೊಂಡರು. ಪರಂಪರೆಯನ್ನು ಉಳಿಸಲು ಒಂದು ಕೈಯೂ ಬಿಡುವಾಗಿರಲಿಲ್ಲ.

ಒಂದೂವರೆಗೆ ಶನಿವಾರದ ಕೊನೆಯ ಗಂಟೆ ಹೊಡೆಯಿತು. ಮೇಜಿನ ಮೇಲಿದ್ದ ಟಿಸಿ ನಮೂನೆಗೆ ಅಡ್ಡಗೆರೆ ಎಳೆದು, ‘ರದ್ದು’ ಎಂದು ದುಂಡಗೆ ಬರೆದು, ಬೀರುವಿಗೆ ಬೀಗ ಹಾಕಿದೆ.