ಸರೋವರ ಕಂಡ ಗುಮಾಸ್ತರು

ಬರೋಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಗುಮಾಸ್ತರು ಯಾವುದಕ್ಕೂ ದನಿ ಏರಿಸಿದವರಲ್ಲ. ಬಡ್ತಿ ತಪ್ಪಿದಾಗಲೂ, ಅಡುಗೆಮನೆಗೆ ಹಾವು ನುಗ್ಗಿದಾಗಲೂ ಟೊಪ್ಪಿಗೆ ಸರಿಪಡಿಸಿಕೊಂಡು, "ಏನೂ ಆಗೂದಿಲ್ ಬಿಡ್ರಿ" ಅನ್ನುತ್ತಿದ್ದರು. ಅವರಿಗಿದ್ದದ್ದು ಒಂದೇ ಆಸೆ: ಕಾಶ್ಮೀರದ ಶೇಷನಾಗ ಸರೋವರವನ್ನು ನೋಡುವುದು. ಅದಕ್ಕಾಗಿ ವರ್ಷಗಟ್ಟಲೆ ರಜೆ ಉಳಿಸಿಟ್ಟಿದ್ದರು.

ಅರವತ್ತರ ದಶಕದ ಒಂದು ಶ್ರಾವಣದಲ್ಲಿ ಕೊನೆಗೂ ಹೊರಟೆವು. ಜೊತೆಗೆ ಎದುರು ಮನೆಯ ಗುಜರಾತಿ ಅಜ್ಜಿಯೂ ಬಂದರು. ಅವರನ್ನು ನಾವೆಲ್ಲ 'ಬಾ' ಎನ್ನುತ್ತಿದ್ದೆವು, ಅಂದರೆ ಅಮ್ಮ. ಇನ್ನೊಂದು ಏರು ಹತ್ತಿದರೆ ಸರೋವರ ಎನ್ನುವಾಗ ಬಾ ಅವರಿಗೆ ಉಸಿರು ಸಿಗದಾಯಿತು, ತುಟಿ ಕಪ್ಪಿಟ್ಟಿತು. ಈಗಲೇ ಕೆಳಗಿಳಿಸಬೇಕು ಎಂದ ಕುದುರೆಯವನು.

"ನೀವು ನೋಡಿ ಬರ್ರಿ, ನಾ ಇಳಿಸ್ತೀನಿ" ಎಂದು ನನಗೆ ಹೇಳಿ, ಗುಮಾಸ್ತರು ತಮ್ಮ ಉಣ್ಣೆಯ ಕೋಟನ್ನು ಬಾ ಅವರಿಗೆ ಹೊದಿಸಿ, ಕುದುರೆಯ ಪಕ್ಕದಲ್ಲೇ ನಡೆದು ಇಳಿದುಹೋದರು. ನಾನು ಹೋಗಿ ನೋಡಿ ಬಂದೆ. ಸಂಜೆ ಡೇರೆಯಲ್ಲಿ ಅವರು ಕೇಳಿದ್ದು ಇಷ್ಟೇ: "ನೀರು ಯಾವ ಬಣ್ಣ ಇತ್ರಿ?"

"ಹಾಲಿಗೆ ಒಂದು ತೊಟ್ಟು ಹಸಿರು ಮಸಿ ಬಿದ್ದಹಾಗೆ" ಎಂದೆ.

ಬರೋಡಾಕ್ಕೆ ಮರಳಿದ ಮೇಲೆ ಬಾ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಬಡಿಸುತ್ತಲೇ ಅತ್ತರು. "ನನ್ನಿಂದಾಗಿ ನಿಮಗೆ ಸರೋವರ ತಪ್ಪಿತು, ಭಾಯಿ."

"ಮರುದಿನ ನೀವು ಮಲಗಿದ್ದಾಗ ಹೋಗಿ ಬಂದೆನಲ್ಲ, ಬಾ" ಎಂದರು ಗುಮಾಸ್ತರು ತಮ್ಮ ಹರಕು ಗುಜರಾತಿಯಲ್ಲಿ. ಆಮೇಲೆ ನಾನು ಹೇಳಿದ ಬಣ್ಣವನ್ನು ತಾವೇ ಕಂಡವರಂತೆ ವರ್ಣಿಸಿದರು. ಬಾ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ನಿಜವಾ?"

"ನಿಜ" ಎಂದೆ. "ನನಗೇ ನೋಡಲು ಜಾಗ ಬಿಡಲಿಲ್ಲ."